ಕಾಟಾದ ಬಾಗಿಲಲ್ಲೇ ಪಾಸಿಂಗ್ ಆಗಲಿ

ಕಬ್ಬಿನ ಹಂಗಾಮಿನಲ್ಲಿ ಸೊಲ್ಲಾಪುರ ಜಿಲ್ಲೆಯ ರಸ್ತೆಗಳಲ್ಲಿ ಓಡುವ ಟ್ರ್ಯಾಕ್ಟರುಗಳ ಮುಂದೆ ಎಂಎಚ್ 13, ಎಂಎಚ್ 45, ಕೆಎ 28 ಎಂಬ ಫಲಕಗಳು ಕಾಣುತ್ತವೆ. ಅವು ಎಳೆಯುವ ಎರಡೆರಡು ಟ್ರೇಲರುಗಳಲ್ಲಿ ಬಹಳಷ್ಟಕ್ಕೆ ಯಾವ ಗುರುತೂ ಇರುವುದಿಲ್ಲ. ಕಾನೂನಿನಲ್ಲಿ ಈ ಬಗ್ಗೆ ಗೊಂದಲವಿದೆ ಎಂದು ಯಾರಾದರೂ ಹೇಳಿದರೆ ನಂಬಬೇಕಿಲ್ಲ. 1988ರ ಮೋಟಾರು ವಾಹನ ಕಾಯ್ದೆ ಟ್ರೇಲರನ್ನೂ ಮೋಟಾರು ವಾಹನವೆಂದೇ ಎಣಿಸುತ್ತದೆ. ಅದರ 61ನೇ ಕಲಮಿನ ಪ್ರಕಾರ ಟ್ರೇಲರಿಗೆ ಬೇರೆಯೇ ನೋಂದಣಿ ಆಗಬೇಕು, ಅದರ ಸ್ವಂತ ನಂಬರು ಪಕ್ಕದಲ್ಲಿ ಕಾಣಬೇಕು, ಎಳೆಯುವ ವಾಹನದ ನಂಬರು ಕೊನೆಯ ಟ್ರೇಲರಿನ ಮೇಲಿರಬೇಕು. ಸೆಮಿ ಟ್ರೇಲರು, ಸೈಡ್‌ಕಾರು ಬಿಟ್ಟರೆ ಮೋಟಾರು ವಾಹನ ಎಳೆಯುವ ಯಾವ ಗಾಡಿಯೂ ಟ್ರೇಲರೇ ಎಂಬುದು ಕಾಯ್ದೆಯ ವ್ಯಾಖ್ಯೆ. ಹಾಗಾಗಿ ಎತ್ತು ಬಿಚ್ಚಿ ಟ್ರ್ಯಾಕ್ಟರಿಗೆ ಕಟ್ಟಿದ ಟಾಯರ್ ಗಾಡಿಯೂ ಅದೇ ಕ್ಷಣದಿಂದ ಈ ನಿಯಮದೊಳಗೆ ಬರುತ್ತದೆ. ಮೂರೂವರೆ ದಶಕಕ್ಕೂ ಹೆಚ್ಚು ಕಾಲದಿಂದ ಇರುವ ನಿಯಮ ರಸ್ತೆಗೆ ಇಳಿದಿಲ್ಲವಾದರೆ ದೋಷ ಅದನ್ನು ಜಾರಿ ಮಾಡುವ ಜಾಗದ್ದು. ಆರ್‌ಟಿಓ ಕಚೇರಿ ಇರುವುದು ಪಟ್ಟಣದಲ್ಲಿ, ಟ್ರೇಲರು ದುಡಿಯುವುದು ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ. ನೋಂದಣಿ, ಅಂದರೆ ಪಾಸಿಂಗ್, ಅಂಗಳಕ್ಕೇ ಬರಬೇಕು ಎಂಬುದು ನನ್ನ ವಾದ.

ನಂಬರಿಲ್ಲದಿದ್ದರೆ ಏನು ಹೋಯಿತು ಎಂದು ಕೇಳುವವರು ರಾತ್ರಿಯ ಅಪಘಾತದ ಮುಂದಿನ ಕಥೆಯನ್ನು ನೋಡಬೇಕು. ದೀಪವಾಗಲಿ ಪ್ರತಿಫಲಕವಾಗಲಿ ಇಲ್ಲದ ಟ್ರೇಲರಿಗೆ ಹಿಂದಿನಿಂದ ಬೈಕು ಬಡಿಯುತ್ತದೆ. ಟ್ರ್ಯಾಕ್ಟರಿಗೆ ವಿಮೆ ಇದ್ದರೂ ಟ್ರೇಲರಿಗೆ ಇರಲಿಲ್ಲ, ಆದ್ದರಿಂದ ಹೊಣೆ ನಮ್ಮದಲ್ಲ ಎಂದು ವಿಮಾ ಕಂಪನಿ ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ ಹೇಳುವುದು ಹೊಸದಲ್ಲ. ಸತ್ತವನ ಮನೆಯವರು ವರ್ಷಗಟ್ಟಲೆ ಅಲೆಯುತ್ತಾರೆ. ಕಬ್ಬಿನ ಹೇರಿನ ಮೇಲೆ ಕುಳಿತ ಕೂಲಿಯವರು ಬಿದ್ದಾಗಲೂ ಇದೇ ಪಾಡು. ಇನ್ನು ಮಾಲಿಕತ್ವದ ಪ್ರಶ್ನೆ. ನಮ್ಮಲ್ಲಿ ವಾಹನಕ್ಕೆ ಹೊಲದ ಹಾಗೆ ಬೇರೆ ಹಕ್ಕುಪತ್ರವಿಲ್ಲ, ಆರ್‌ಸಿ ಪುಸ್ತಕವೇ ಎಲ್ಲ. ಯಾರ ಹೆಸರಿನಲ್ಲಿ ನೋಂದಣಿ ಇದೆಯೋ ಅವರೇ ಕಾನೂನಿನ ಕಣ್ಣಿಗೆ ಮಾಲಿಕರು, ಮಾರಿದ್ದರೂ ಹೆಸರು ಬದಲಾಗದಿದ್ದರೆ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಹಿಡಿಯಲು ಹೆಸರೇ ಇಲ್ಲದ ಟ್ರೇಲರು ಇಂಡಿಯಿಂದ ಅಕ್ಕಲಕೋಟಕ್ಕೆ, ಅಲ್ಲಿಂದ ಮಂಗಳವೇಢೆಗೆ ಬರೀ ಬಾಯಿಮಾತಿನ ಮೇಲೆ ಕೈಬದಲಾಗುತ್ತದೆ. ಕಳುವಾದರೆ ಪೊಲೀಸರಿಗೆ ಕೊಡಲು ಬಣ್ಣ ಬಿಟ್ಟರೆ ಬೇರೆ ಗುರುತಿಲ್ಲ.

ಇದು ರೈತನ ಗಾಡಿ, ಇದಕ್ಕೇಕೆ ಸರ್ಕಾರದ ಕಾಟ ಎಂಬ ಆಕ್ಷೇಪ ಗಟ್ಟಿಯಾಗಿಯೇ ಕೇಳಿಬರುತ್ತದೆ. ಅದರಲ್ಲಿ ಅರ್ಧ ಸತ್ಯವಿದೆ. ಸ್ವಂತ ಹೊಲದ ಗೊಬ್ಬರ, ಮೇವು ಸಾಗಿಸುವವನನ್ನೂ ಬಾಡಿಗೆಗೆ ನಾಲ್ಕು ತಿಂಗಳು ಹಗಲುರಾತ್ರಿ ಕಬ್ಬು ಹೊಡೆಯುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ತೆರಿಗೆಯಲ್ಲಿ ಆ ವ್ಯತ್ಯಾಸ ಇರಲಿ, ನೋಂದಣಿಯಲ್ಲಿ ಬೇಡ. ಟ್ರ್ಯಾಕ್ಟರು, ಟ್ರೇಲರು ಜೋಡಿಯಾಗಿ ಸರಕು ಹೊತ್ತರೆ ಅದು ಸರಕು ಸಾಗಣೆ ವಾಹನವೇ ಎಂದು ಸುಪ್ರೀಂ ಕೋರ್ಟ್ 2005ರಲ್ಲಿ, ಕರ್ನಾಟಕದಿಂದ ಹೋದ ಪ್ರಕರಣದಲ್ಲೇ ತೀರ್ಪು ಕೊಟ್ಟಿದೆ. ಗಡಿಯ ಮಾತು ಬಂದಾಗಲೂ ಭಯಕ್ಕೆ ಆಧಾರವಿಲ್ಲ. ಬೇರೆ ರಾಜ್ಯದ ವಾಹನ ಹನ್ನೆರಡು ತಿಂಗಳಿಗೂ ಮೀರಿ ಇಲ್ಲೇ ಉಳಿದಾಗ ಮಾತ್ರ ಹೊಸ ನಂಬರು ಬೇಕು. ಕಬ್ಬಿನ ಹಂಗಾಮು ಅಷ್ಟು ಉದ್ದವಿಲ್ಲ. ಕೆಎ 28 ಟ್ರೇಲರು ಕೆಎ 28 ಆಗಿಯೇ ಬಂದು ಹೋಗಬಹುದು.

ನಿಜವಾದ ತೊಡಕು ಬೇರೆ. ಊರಿನ ವೆಲ್ಡಿಂಗ್ ಶೆಡ್ಡಿನಲ್ಲಿ ಬೆಸೆದ ಟ್ರೇಲರಿಗೆ ತಯಾರಕರ ಪ್ರಮಾಣಪತ್ರ ಇರುವುದಿಲ್ಲ, ಅದಿಲ್ಲದೆ ಕಚೇರಿಯಲ್ಲಿ ಅರ್ಜಿ ಮುಂದೆ ಸರಿಯುವುದಿಲ್ಲ, ಸರಿಸಿಕೊಡುತ್ತೇನೆಂದು ಏಜೆಂಟನೊಬ್ಬ ಬಾಗಿಲಲ್ಲೇ ನಿಂತಿರುತ್ತಾನೆ. ಬಿಗಿ ತನಿಖೆ ಆರಂಭಿಸಿದರೆ ಲಾಭ ಆಗುವುದು ಅವನಿಗೇ ಎಂಬ ಅನುಮಾನ ಅನ್ಯಾಯದ್ದಲ್ಲ. ಅದಕ್ಕೇ ದಂಡಕ್ಕಿಂತ ಮೊದಲು ಶಿಬಿರ ಆಗಬೇಕು. ಲೈಸೆನ್ಸಿಗಾಗಿ ಆರ್‌ಟಿಓ ತಾಲೂಕುಗಳಲ್ಲಿ ಶಿಬಿರ ನಡೆಸುವ ರೂಢಿ ಮಹಾರಾಷ್ಟ್ರದಲ್ಲಿ ಇದ್ದೇ ಇದೆ. ಅದನ್ನೇ ಕಾರ್ಖಾನೆಯ ಅಂಗಳದಲ್ಲಿ ನಡೆಸಿ, ಇನ್ಸ್‌ಪೆಕ್ಟರ್ ಅಲ್ಲೇ ಕೊಂಡಿ, ಟಾಯರು, ಹಿಂದಿನ ದೀಪ, ಪ್ರತಿಫಲಕ ನೋಡಿ, ಹಳೆಯ ಟ್ರೇಲರುಗಳಿಗೆ ಒಂದು ಸಲದ ಮಾಫಿಯಲ್ಲಿ ನಂಬರು ಕೊಡಬಹುದು. ಬರೀ ಫಲಕ ಅಪಘಾತ ತಪ್ಪಿಸುವುದಿಲ್ಲ ಎನ್ನುವವರಿಗೂ ಉತ್ತರ ಇಲ್ಲೇ ಇದೆ: ಫಲಕಕ್ಕಾಗಿ ಬಂದ ಗಾಡಿಯ ದೀಪವನ್ನು ಯಾರಾದರೂ ಒಬ್ಬರು ಕಣ್ಣಿಟ್ಟು ನೋಡಿದಂತಾಗುತ್ತದೆ. ಅರ್ಜಿ, ಸೂಚನೆಗಳು ಅಕ್ಕಲಕೋಟ ಮತ್ತು ದಕ್ಷಿಣ ಸೊಲ್ಲಾಪುರದ ಹಳ್ಳಿಗಳಲ್ಲಿ ಮರಾಠಿಯ ಜೊತೆ ಕನ್ನಡದಲ್ಲೂ ಇದ್ದರೆ ಏಜೆಂಟನ ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ನೀರಿನ ಮೇಲಿನ ದೋಣಿಗಳ ನೋಂದಣಿಯ ಲೆಕ್ಕವೂ ಇದಕ್ಕಿಂತ ಬೇರೆಯಲ್ಲ. 2024ರ ಮೇ 21ರ ಸಂಜೆ ಭೀಮಾ ನದಿಯ ಉಜನಿ ಜಲಾಶಯದಲ್ಲಿ, ಕರಮಾಳಾ ತಾಲೂಕಿನ ಕುಗಾವದಿಂದ ಇಂದಾಪುರ ತಾಲೂಕಿನ ಕಳಾಶಿಗೆ ಹೊರಟ ದೋಣಿ ಬಿರುಗಾಳಿಗೆ ಮಗುಚಿ ಆರು ಜನ ಸತ್ತರು. 1917ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ 2021ರ ಒಳನಾಡು ಹಡಗು ಕಾಯ್ದೆ ಆಗಲೇ ಜಾರಿಯಲ್ಲಿತ್ತು. ಯಂತ್ರದ ದೋಣಿಗೆ ತಪಾಸಣೆ, ನೋಂದಣಿ, ವಿಮೆ ಅದರಲ್ಲಿವೆ. ಹುಟ್ಟು ಹಾಕುವ ದೋಣಿಗಳನ್ನು ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲೇ ದಾಖಲಿಸಲು ಅವಕಾಶವಿದೆ. ಒಂದು ರಾಜ್ಯದ ಪ್ರಮಾಣಪತ್ರ ಎಲ್ಲ ರಾಜ್ಯಗಳಲ್ಲೂ ನಡೆಯುತ್ತದೆ. ಈ ಕೊನೆಯ ಅಂಶ ಭೀಮೆಯ ಎರಡೂ ದಂಡೆಯವರಿಗೆ, ಅಂದರೆ ಅಕ್ಕಲಕೋಟ, ಇಂಡಿ, ಅಫಜಲಪುರದವರಿಗೆ, ಬೇರೆಲ್ಲಕ್ಕಿಂತ ಮುಖ್ಯ. ಆದರೆ ಮಹಾರಾಷ್ಟ್ರದಲ್ಲಿ ದೋಣಿಗಳನ್ನು ನೋಡಿಕೊಳ್ಳುವ ಸಾಗರಿ ಮಂಡಳಿ ಹುಟ್ಟಿದ್ದೇ ಕರಾವಳಿಗಾಗಿ. ಭೀಮೆಯ ಹರಿಗೋಲಿನವನು ಮುಂಬೈ ಕಡೆ ಮುಖ ಮಾಡಿ ಕಾಯಬೇಕೆಂದರೆ ಕೆಲಸವಾಗದು. ಗ್ರಾಮ ಪಂಚಾಯಿತಿಯ ಪುಸ್ತಕದಲ್ಲಿ ದೋಣಿಯ ನಂಬರು, ಒಡೆಯನ ಹೆಸರು, ಎಷ್ಟು ಜನ ಹತ್ತಬಹುದು ಎಂಬ ಅಂಕಿ ಬರೆದಿಟ್ಟು, ಅದೇ ಅಂಕಿಯನ್ನು ದೋಣಿಯ ಮೇಲೂ ಬಳಿದರೆ ಆರಂಭಕ್ಕೆ ಸಾಕು.

ಟ್ರೇಲರಿನ ಮಟ್ಟಿಗೆ ಹಿಡಿತದ ಹಗ್ಗ ಈಗಾಗಲೇ ಸರ್ಕಾರದ ಕೈಯಲ್ಲಿದೆ. ಪ್ರತಿ ಹಂಗಾಮಿಗೂ ಕಾರ್ಖಾನೆಗಳು ಪುಣೆಯ ಸಕ್ಕರೆ ಆಯುಕ್ತರಿಂದ ಕಬ್ಬು ಅರೆಯುವ ಪರವಾನಗಿ ಪಡೆಯಬೇಕು. ಸಾಗಣೆದಾರರೊಂದಿಗೆ ಕರಾರು ಮಾಡಿಕೊಂಡು ಮುಂಗಡ ಕೊಡುವುದೂ ಕಾರ್ಖಾನೆಯೇ, ಕಾಟಾದ ಮೇಲೆ ಗಾಡಿ ತೂಗಿ ಚೀಟಿ ಹರಿಯುವುದೂ ಕಾರ್ಖಾನೆಯೇ. ಚೀಟಿಯಲ್ಲಿ ಟ್ರ್ಯಾಕ್ಟರಿನ ನಂಬರಿನ ಕೆಳಗೆ ಎರಡೂ ಟ್ರೇಲರುಗಳ ನಂಬರು ಬರೆಯಲು ಎರಡು ಸಾಲು ಹೆಚ್ಚಿಗೆ ಬೇಕು, ಅಷ್ಟೇ. ಚೀಟಿಯಲ್ಲಿ ಈ ನಂಬರುಗಳು ಇರಲೇಬೇಕೆಂಬ ಷರತ್ತನ್ನು ಪರವಾನಗಿಗೆ ಸೇರಿಸಬೇಕು, ಆದರೆ ಅದನ್ನು ಹಂಗಾಮು ಶುರುವಾದ ಮೇಲೆ ಹೊರಡಿಸಿದರೆ ಪ್ರಯೋಜನವಿಲ್ಲ. ಮುಂಗಡದ ಕರಾರುಗಳಿಗೆ ಸಹಿ ಬೀಳುವ ಮುಂಚೆಯೇ ಆಯುಕ್ತರ ಆದೇಶ ಕಾರ್ಖಾನೆಗಳಿಗೆ ಮುಟ್ಟಬೇಕು.