ಹಸಿ ಹಾಲಿನ ಕಾನೂನು: ಹೊರೆ ಯಾರ ಹೆಗಲಿಗೆ?

ಬೆಳಗಿನ ಜಾವ ಕರೆದ ಹಾಲನ್ನು ಕ್ಯಾನಿಗೆ ತುಂಬಿಕೊಂಡು ಮನೆಮನೆಗೆ ವರ್ತನೆ ಹಾಕುವವರು ನಮ್ಮ ಊರುಗಳಲ್ಲಿ ಇಂದಿಗೂ ಇದ್ದಾರೆ. ನಾಲ್ಕಾರು ಎಮ್ಮೆ, ಒಂದೆರಡು ಆಕಳು ಕಟ್ಟಿಕೊಂಡ ಈ ಗವಳಿಗರ ಹಾಲಿಗೂ ದೊಡ್ಡ ಡೈರಿಯ ಪ್ಯಾಕೆಟ್ ಹಾಲಿಗೂ ಅನ್ವಯಿಸುವುದು ಒಂದೇ ಕಾನೂನು. ಅದು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ. ಈ ಸಮಾನತೆ ನ್ಯಾಯವೇ ಎಂಬುದನ್ನು ನಾವು ಶಾಂತಚಿತ್ತದಿಂದ ವಿಚಾರಿಸಬೇಕಾಗಿದೆ.

ನಿಯಂತ್ರಣವೇ ಬೇಡವೆಂದು ನಾವು ಹೇಳಲಾರೆವು. ಹಸಿ ಹಾಲಿನ ಮೂಲಕ ಕ್ಷಯ, ಬ್ರುಸೆಲ್ಲಾ ಮೊದಲಾದ ರೋಗಗಳು ಹರಡಬಲ್ಲವು. ಕಾಯಿಸಿ ಕುಡಿಯುವ ನಮ್ಮ ಹಿರಿಯರ ಪದ್ಧತಿಯೇ ಇಷ್ಟು ಕಾಲ ನಮ್ಮನ್ನು ಕಾಪಾಡಿದೆ. ಹಾಲಿಗೆ ನೀರು, ಯೂರಿಯಾ, ಡಿಟರ್ಜೆಂಟ್ ಬೆರೆಸುವವನು ಮಗುವಿನ ಬಾಯಿಗೆ ವಿಷವಿಡುತ್ತಾನೆ. ಅವನಿಗೆ ಶಿಕ್ಷೆಯಾಗಲೇಬೇಕು.

ಆದರೆ ಅಪಾಯ ಎಲ್ಲಿದೆ? ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿ ದೇಶದಾದ್ಯಂತ 6,432 ಹಾಲಿನ ಮಾದರಿಗಳನ್ನು ಪರೀಕ್ಷಿಸಿತು. ಶೇ. 93ರಷ್ಟು ಹಾಲು ಸುರಕ್ಷಿತವೆಂದು ಕಂಡುಬಂದಿತು. ಅಪಾಯಕಾರಿ ಕಲಬೆರಕೆ ಸಿಕ್ಕಿದ್ದು ಕೇವಲ 12 ಮಾದರಿಗಳಲ್ಲಿ. ಬೂಷ್ಟು ಹಿಡಿದ ಮೇವು, ಹಿಂಡಿಗಳಿಂದ ಹಾಲಿಗೆ ಇಳಿಯುವ ಅಫ್ಲಾಟಾಕ್ಸಿನ್ ಎಂಬ ವಿಷವು ಮಿತಿಮೀರಿದ್ದು 368 ಮಾದರಿಗಳಲ್ಲಿ. ಅದೂ ಹಸಿ ಹಾಲಿಗಿಂತ ಸಂಸ್ಕರಿಸಿದ ಹಾಲಿನಲ್ಲಿಯೇ ಹೆಚ್ಚು. ಆದುದರಿಂದ ಕ್ಯಾನಿನ ಹಾಲೆಲ್ಲ ಕೆಟ್ಟದ್ದು, ಪ್ಯಾಕೆಟ್ಟಿನದೆಲ್ಲ ಒಳ್ಳೆಯದು ಎಂಬ ಭಾವನೆಗೆ ಆಧಾರವಿಲ್ಲ.

ಅದೇ ಸಮೀಕ್ಷೆಯಲ್ಲಿ ಶೇ. 41ರಷ್ಟು ಮಾದರಿಗಳು ಒಂದಿಲ್ಲೊಂದು ಗುಣಮಟ್ಟದ ಅಳತೆಗೆ ನಿಲುಕಲಿಲ್ಲ. ಇವುಗಳಲ್ಲಿ ಕೊಬ್ಬು ಮತ್ತು ಕೊಬ್ಬೇತರ ಘನಾಂಶಗಳ ಕೊರತೆಯೇ ಮುಖ್ಯವಾದುದು. ನೀರು ಬೆರೆಸಿದರೆ ಹೀಗಾಗುವುದು ನಿಜ. ಆದರೆ ತಳಿ, ಮೇವಿನ ಕೊರತೆ, ಬೇಸಿಗೆಯ ಬಿಸಿಲುಗಳಿಂದಲೂ ಅಳತೆ ಇಳಿಯುತ್ತದೆ. ಅಪಾಯವಿಲ್ಲದಿದ್ದರೂ ಅಳತೆಗೆ ಕಡಿಮೆಯಾದ ಹಾಲನ್ನು ಕಾಯ್ದೆಯು ಕಳಪೆಯೆಂದು ಕರೆಯುತ್ತದೆ. ಅದಕ್ಕೆ 5 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ದಂಡ ಅಷ್ಟಾಗದಿದ್ದರೂ ದೂರದ ಪ್ರಯೋಗಾಲಯ, ನೋಟೀಸು, ಅಲೆದಾಟಗಳೇ ಸಣ್ಣವನ ಬೆನ್ನು ಮುರಿಯಲು ಸಾಕು. ದೊಡ್ಡ ಕಂಪನಿಗೆ ವಕೀಲರಿದ್ದಾರೆ, ಗವಳಿಗನಿಗೆ ಯಾರಿದ್ದಾರೆ?

ಕಾಯ್ದೆಯಲ್ಲಿ ಕರುಣೆಯೂ ಇದೆ. ಚಿಕ್ಕ ವ್ಯಾಪಾರಿಗಳಿಗೆ ಪರವಾನಗಿಯ ಬದಲು ಸರಳ ನೋಂದಣಿ ಸಾಕೆಂದು ಅದು ಹೇಳುತ್ತದೆ. 2011ರ ನಿಯಮಾವಳಿಯು ಎಲ್ಲ ಹಾಲನ್ನೂ ಸಹಕಾರ ಸಂಘಕ್ಕೇ ಹಾಕುವ ಸದಸ್ಯರಿಗೆ ಅದರಿಂದಲೂ ವಿನಾಯಿತಿ ಕೊಟ್ಟಿತು. ಸಂಘದಲ್ಲಿ ಪರೀಕ್ಷೆಯೂ ತಂಪು ಮಾಡುವ ವ್ಯವಸ್ಥೆಯೂ ಕೂಡಿಯೇ ದೊರೆಯುತ್ತವೆ. ಒಬ್ಬನ ಕೈಗೆಟುಕದ ಯಂತ್ರ ನೂರು ಜನ ಸೇರಿದರೆ ಕೈಗೆಟುಕುತ್ತದೆ. ಸಂಘಕ್ಕೆ ಸೇರದೆ ಸ್ವತಂತ್ರವಾಗಿ ವರ್ತನೆ ಹಾಕುವವರೇ ಈ ನೆರಳಿನ ಹೊರಗೆ ಉಳಿದವರು.

ಅವರಿಗೆ ಸರ್ಕಾರವು ಮೊದಲು ಪರೀಕ್ಷೆಯ ಅನುಕೂಲವನ್ನು ಹೋಬಳಿ ಮಟ್ಟದಲ್ಲಿ ಒದಗಿಸಲಿ, ತಿದ್ದಿಕೊಳ್ಳಲು ಅವಕಾಶ ಕೊಡಲಿ, ದಂಡ ಆಮೇಲಿರಲಿ. ಪಶುಆಹಾರದ ತಯಾರಕರ ಮೇಲಿನ ತಪಾಸಣೆ ಬಿಗಿಯಾಗಲಿ, ಏಕೆಂದರೆ ವಿಷದ ಮೂಲ ಅಲ್ಲಿದೆ.

ನಮ್ಮ ಪಾಲಿನ ಹೊಣೆಯೂ ಇದೆ. ಹೈನುಗಾರ ಬಂಧುಗಳು ಕೆಚ್ಚಲು ತೊಳೆದು, ಪಾತ್ರೆ ಬೆಳಗಿ, ಬೂಷ್ಟು ಹಿಡಿದ ಹಿಂಡಿಯನ್ನು ದೂರವಿಡಲಿ. ಕೊಳ್ಳುವವರು ಹಾಲನ್ನು ತಪ್ಪದೆ ಕಾಯಿಸಲಿ. ಶುದ್ಧ ಹಾಲಿಗೆ ತಕ್ಕ ಬೆಲೆಯನ್ನು ಚೌಕಾಶಿಯಿಲ್ಲದೆ ಕೊಡಲಿ. ಎರಡು ರೂಪಾಯಿ ಉಳಿಸುವ ನಮ್ಮ ಹಟವೇ ಎಷ್ಟೋ ಸಲ ಕ್ಯಾನಿಗೆ ನೀರಾಗಿ ಸೇರುತ್ತದೆ. ಕಾಯಕ ಶುದ್ಧವಾಗಿರಬೇಕೆಂದು ಬಯಸುವ ನಾವು, ಆ ಕಾಯಕದಿಂದ ಬದುಕಲು ಸಾಧ್ಯವಾಗುವಂತೆಯೂ ನೋಡಿಕೊಳ್ಳಬೇಕಲ್ಲವೇ?