ಪಟ್ಟ ಯಾರದು, ಮಾತು ಯಾರದು?

ಪಿತೃಕಾರ್ಯಕ್ಕೆಂದು ತಿರುನೆಲ್ಲಿಗೆ ಹೋಗುವ ನಮ್ಮವರಿಗೆ ತೃಶ್ಶಿಲೇರಿ ಹೊಸ ಹೆಸರಲ್ಲ. ಅಲ್ಲಿನ ಶಿವಾಲಯದಲ್ಲಿ ದೀಪವಿಟ್ಟು ಮುಂದಕ್ಕೆ ಸಾಗುವುದು ಹಿಂದಿನಿಂದ ನಡೆದು ಬಂದ ಕ್ರಮ. ಕುಟ್ಟದ ಕಡೆಯಿಂದ ಗಡಿ ದಾಟುವ ಕೊಡಗಿನವರಿಗೂ ಬಾವಲಿಯ ಹಾದಿ ಹಿಡಿಯುವ ಹೆಗ್ಗಡದೇವನಕೋಟೆಯವರಿಗೂ ಅದು ಪರಿಚಿತ ಊರೇ. ಆದರೆ ದೇವಸ್ಥಾನದ ಹೆಸರು ಕೇಳದವರಿಗೂ ಈ ಊರನ್ನು ತಿಳಿಸಿಕೊಟ್ಟವರು ಓಟಗಾರ್ತಿ ಓ. ಪಿ. ಜೈಶಾ. ಆಕೆಯ ಕಾಲುಗಳ ಸಾಧನೆಗಿಂತ ಹೆಚ್ಚಾಗಿ ಒಂದು ವಿವಾದವೇ ಜನರ ನೆನಪಿನಲ್ಲಿ ಉಳಿದಿರುವುದು ನಮ್ಮ ಕ್ರೀಡಾಲೋಕದ ದೊಡ್ಡ ವಿಪರ್ಯಾಸ.

ಸಾಧನೆ ಸಣ್ಣದೇನಲ್ಲ. 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ 5000 ಮೀಟರ್ ಓಟದಲ್ಲಿ ಕಂಚು. ಎಂಟು ವರ್ಷಗಳ ಬಳಿಕ 2014ರಲ್ಲಿ ಇಂಚಿಯೋನಿನಲ್ಲಿ 1500 ಮೀಟರಿನಲ್ಲಿ ಮತ್ತೊಂದು ಕಂಚು. ಒಬ್ಬ ಓಟಗಾರ್ತಿ ಎಂಟು ವರ್ಷಗಳ ಅಂತರದಲ್ಲಿ ಎರಡು ಬೇರೆ ಬೇರೆ ದೂರಗಳಲ್ಲಿ ಪದಕ ತರುವುದೆಂದರೆ ಎಷ್ಟು ಶಿಸ್ತು ಬೇಕೆಂಬುದು ಬಲ್ಲವರಿಗೇ ಗೊತ್ತು. 2015ರ ಜನವರಿಯಲ್ಲಿ ಮುಂಬಯಿ ಮ್ಯಾರಥಾನಿನಲ್ಲಿ 2 ಗಂಟೆ 37 ನಿಮಿಷ 29 ಸೆಕೆಂಡಿನಲ್ಲಿ ಓಡಿ ಆಕೆ ಹಳೆಯ ರಾಷ್ಟ್ರೀಯ ದಾಖಲೆಯನ್ನು ಮುರಿದರು. ಅದೇ ವರ್ಷದ ಆಗಸ್ಟಿನಲ್ಲಿ ಬೀಜಿಂಗಿನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 2 ಗಂಟೆ 34 ನಿಮಿಷ 43 ಸೆಕೆಂಡಿಗೆ ಓಟ ಮುಗಿಸಿ ತನ್ನದೇ ದಾಖಲೆಯನ್ನು ಮತ್ತೆ ತಿದ್ದಿದರು.

ಮರುವರ್ಷ ರಿಯೋ ಒಲಿಂಪಿಕ್ಸ್. 2016ರ ಆಗಸ್ಟ್ 14ರಂದು ಸುಡುಬಿಸಿಲಿನಲ್ಲಿ 42.195 ಕಿಲೋಮೀಟರ್ ಓಡಿ ಗುರಿ ಮುಟ್ಟಿದ ಜೈಶಾ ಅಲ್ಲಿಯೇ ಕುಸಿದು ಬಿದ್ದರು. ಸಮಯ 2 ಗಂಟೆ 47 ನಿಮಿಷ 19 ಸೆಕೆಂಡು, ಸ್ಥಾನ 89. ಚಿಕಿತ್ಸೆಯ ಬಳಿಕ ಚೇತರಿಸಿಕೊಂಡು ಊರಿಗೆ ಮರಳಿದ ಆಕೆ ಹೇಳಿದ ಮಾತು ದೇಶವನ್ನೇ ಬೆಚ್ಚಿಸಿತು: ಬೇರೆ ದೇಶಗಳ ಮೇಜುಗಳಲ್ಲಿ ಅವರವರ ಓಟಗಾರರಿಗೆ ಪಾನೀಯಗಳಿದ್ದವು, ಭಾರತದ ಮೇಜಿನಲ್ಲಿ ದೇಶದ ಹೆಸರಿನ ಹೊರತು ಏನೂ ಇರಲಿಲ್ಲ ಎಂದು.

ಭಾರತ ಅಥ್ಲೆಟಿಕ್ ಫೆಡರೇಶನ್ ಇದನ್ನು ಒಪ್ಪಲಿಲ್ಲ. ವಿಶೇಷ ಪಾನೀಯ ಬೇಕೇ ಎಂದು ಮೊದಲೇ ಕೇಳಲಾಗಿತ್ತು, ಓಟಗಾರ್ತಿಯೂ ತರಬೇತುದಾರರೂ ಬೇಡವೆಂದಿದ್ದರು ಎಂಬುದು ಅದರ ಉತ್ತರ. ನನ್ನನ್ನು ಯಾರೂ ಕೇಳಲೇ ಇಲ್ಲ ಎಂದು ಜೈಶಾ. ಜೊತೆಗೆ ಓಡಿದ್ದ ಕವಿತಾ ರಾವುತ್ ತನ್ನನ್ನು ಕೇಳಿದ್ದರು, ತಾನೇ ಬೇಡವೆಂದೆ ಎಂದರು. ಕೇಂದ್ರ ಕ್ರೀಡಾ ಸಚಿವಾಲಯವು ವಿಚಾರಣೆಗೆ ಇಬ್ಬರ ಸಮಿತಿಯನ್ನು ನೇಮಿಸಿತು. ಈ ನಡುವೆ ಜೈಶಾ ಎಚ್1ಎನ್1 ಜ್ವರದಿಂದ ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆಯಬೇಕಾಯಿತು. ತರಬೇತುದಾರ, ಬೆಲಾರೂಸಿನ ನಿಕೊಲಾಯ್ ಸ್ನೆಸರೆವ್, 2021ರ ಮಾರ್ಚಿನಲ್ಲಿ ಪಟಿಯಾಲದಲ್ಲಿ ತೀರಿಕೊಂಡರು. ಬೇಡವೆಂದವರು ಯಾರು, ಯಾರ ಪರವಾಗಿ ಎಂಬ ಪ್ರಶ್ನೆಗೆ ಈಗ ಏನು ಉತ್ತರ ಬಂದರೂ ಆ ಓಟವನ್ನು ಮತ್ತೊಮ್ಮೆ ಓಡಲಾಗದು.

ಓಟದಲ್ಲಿ ಜಗಳಕ್ಕೆ ಎಡೆಯಿಲ್ಲ, ಗಡಿಯಾರವೇ ತೀರ್ಪುಗಾರ ಎಂದು ನಾವು ನಂಬಿದ್ದೇವೆ. ಜಗಳವೆಂದರೆ ಮುಷ್ಟಿಯುದ್ಧದಲ್ಲಿ, ಅಲ್ಲಿ ಗೆದ್ದವರಾರೆಂದು ಹೇಳುವುದು ಮನುಷ್ಯರಲ್ಲವೇ ಎಂಬುದು ಸಾಮಾನ್ಯ ಅಭಿಪ್ರಾಯ. ಹಾಗಾದರೆ ಮುಷ್ಟಿಯುದ್ಧದ ಒಂದು ದೇಶವನ್ನೇ ನೋಡೋಣ. ಜಪಾನಿನ ಕತೆ ತೃಶ್ಶಿಲೇರಿಯ ಕತೆಗೆ ಕನ್ನಡಿ ಹಿಡಿಯುತ್ತದೆ.

1952ರ ಮೇ 19ರಂದು ಟೋಕಿಯೋದಲ್ಲಿ ಯೋಶಿಯೋ ಶಿರಾಯಿ ಡ್ಯಾಡೋ ಮರಿನೋರನ್ನು ಸೋಲಿಸಿ ಫ್ಲೈವೇಟ್ ಪಟ್ಟ ಗೆದ್ದು ಜಪಾನಿನ ಮೊದಲ ವಿಶ್ವವಿಜೇತರಾದರು. ಯುದ್ಧದಲ್ಲಿ ಸೋತು ಸೊರಗಿದ್ದ ದೇಶಕ್ಕೆ ಅದು ದೊಡ್ಡ ಸಮಾಧಾನ. ಅಂದು ತೂಕವರ್ಗಗಳು ಬೆರಳೆಣಿಕೆಯಷ್ಟು, ವರ್ಗಕ್ಕೊಬ್ಬ ವಿಜೇತ. ಇಂದು ತೂಕವರ್ಗಗಳು ಕನಿಷ್ಠ ಹದಿನೇಳು, ಪಟ್ಟ ಕಟ್ಟುವ ಪ್ರಮುಖ ಸಂಸ್ಥೆಗಳು ನಾಲ್ಕು: ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಒ. ಒಂದೇ ಸಿಂಹಾಸನಕ್ಕೆ ನಾಲ್ವರು ಅರಸರಿದ್ದರೆ ವ್ಯಾಜ್ಯ ಬಾರದಿರುತ್ತದೆಯೇ? ಇದನ್ನರಿತೇ ಜಪಾನಿನ ಬಾಕ್ಸಿಂಗ್ ಆಯೋಗವು 2013ರವರೆಗೂ ಮೊದಲ ಎರಡು ಸಂಸ್ಥೆಗಳ ಪಟ್ಟಗಳನ್ನು ಮಾತ್ರ ಮಾನ್ಯ ಮಾಡಿತ್ತು.

ಸಂಸ್ಥೆಗಳು ಎರಡೇ ಇದ್ದ ಕಾಲದಲ್ಲಿಯೂ ವಿವಾದ ತಪ್ಪಿರಲಿಲ್ಲ. ಫೈಟಿಂಗ್ ಹರಾದಾ ಎಂದೇ ಹೆಸರಾದ ಮಸಾಹಿಕೋ ಹರಾದಾ 1962ರಲ್ಲಿ ಫ್ಲೈವೇಟ್ ಪಟ್ಟವನ್ನೂ 1965ರಲ್ಲಿ ಬ್ರೆಜಿಲಿನ ಏಡರ್ ಜೋಫ್ರೆಯನ್ನು ಸೋಲಿಸಿ ಬ್ಯಾಂಟಮ್‌ವೇಟ್ ಪಟ್ಟವನ್ನೂ ಗೆದ್ದ ವೀರ. ಮೂರನೆಯ ವರ್ಗದ ಪಟ್ಟಕ್ಕಾಗಿ 1969ರ ಜುಲೈಯಲ್ಲಿ ಸಿಡ್ನಿಗೆ ಹೋಗಿ ಆಸ್ಟ್ರೇಲಿಯದ ಜಾನಿ ಫಾಮೆಶನ್ ಎದುರು ಸೆಣಸಿದರು. ಎದುರಾಳಿಯನ್ನು ಮೂರು ಸಲ ನೆಲಕ್ಕೆ ಕೆಡವಿದರು. ಅಂಕ ಹಾಕುವವರು ಒಬ್ಬರೇ, ರೆಫ್ರಿ ವಿಲ್ಲಿ ಪೆಪ್. ಹದಿನೈದು ಸುತ್ತು ಮುಗಿದಾಗ ಅವರು ಇಬ್ಬರ ಕೈಯನ್ನೂ ಎತ್ತಿ ಪಂದ್ಯ ಸಮವೆಂದರು. ಚೀಟಿಯನ್ನು ಮತ್ತೆ ಕೂಡಿಸಿ ನೋಡಿದಾಗ 70-69, ಗೆದ್ದವರು ಫಾಮೆಶನ್! ತವರಿನ ಪ್ರೇಕ್ಷಕರೇ ಈ ತೀರ್ಪಿಗೆ ಕೂಗೆಬ್ಬಿಸಿದರು. 1970ರ ಜನವರಿಯಲ್ಲಿ ಟೋಕಿಯೋದಲ್ಲಿ ಮರುಪಂದ್ಯ ನಡೆದು ಹರಾದಾ ಹದಿನಾಲ್ಕನೆಯ ಸುತ್ತಿನಲ್ಲಿ ಸೋತರು. ಆ ಸೋಲನ್ನು ಯಾರೂ ಪ್ರಶ್ನಿಸಲಿಲ್ಲ. ಸೋಲು ಮನುಷ್ಯನನ್ನು ಅಷ್ಟಾಗಿ ಕಾಡುವುದಿಲ್ಲ, ಲೆಕ್ಕ ತಿಳಿಯದ ಸೋಲು ಕಾಡುತ್ತದೆ.

ಎರಡನೆಯ ಪ್ರಕರಣ ಇನ್ನೂ ವಿಚಿತ್ರ. ನಾಲ್ಕೂ ಸಂಸ್ಥೆಗಳಿಗೆ ಮಾನ್ಯತೆ ಕೊಟ್ಟ ವರ್ಷವೇ, 2013ರ ಡಿಸೆಂಬರ್ 3ರಂದು, ಒಸಾಕಾದಲ್ಲಿ ಐಬಿಎಫ್ ವಿಜೇತ ಡೈಕಿ ಕಮೆದಾ ಮತ್ತು ಡಬ್ಲ್ಯುಬಿಎ ವಿಜೇತ, ವೆನೆಜುವೆಲಾದ ಲಿಬೊರಿಯೊ ಸೊಲಿಸ್ ನಡುವೆ ಪಂದ್ಯ. ಹಿಂದಿನ ದಿನ ತೂಗಿದಾಗ ಸೊಲಿಸ್ ವರ್ಗದ ಮಿತಿಯಾದ 115 ಪೌಂಡನ್ನು ಮೀರಿದ್ದರು. ತಕ್ಕಡಿಯ ಮೇಲೆಯೇ ಅವರ ಪಟ್ಟ ಹೋಯಿತು. ಡೈಕಿ ಸೋತರೆ ಐಬಿಎಫ್ ಪಟ್ಟವೂ ತೆರವಾಗುತ್ತದೆ ಎಂದು ಪಂದ್ಯಕ್ಕೆ ಮೊದಲು ಎಲ್ಲರಿಗೂ ತಿಳಿಸಲಾಯಿತು. ಡೈಕಿ ಸೋತರು. ಸೋತ ಮೇಲೆ ಬಂದ ಮಾತು ಬೇರೆ: ಎದುರಾಳಿ ತೂಕ ತಪ್ಪಿದ್ದರಿಂದ ಡೈಕಿಯ ಪಟ್ಟ ಡೈಕಿಯದೇ!

ನಿಯಮ ಪುಸ್ತಕದಲ್ಲಿ ಎರಡನೆಯ ಮಾತೇ ಸರಿಯಿರಬಹುದು. ತೂಕ ತಪ್ಪಿದವನಿಗೆ ಪಟ್ಟ ಗೆಲ್ಲುವ ಅರ್ಹತೆಯಿಲ್ಲದಿದ್ದರೆ ವಿಜೇತನೇಕೆ ಅದನ್ನು ಕಳೆದುಕೊಳ್ಳಬೇಕು ಎಂಬ ವಾದದಲ್ಲಿ ಹುರುಳಿದೆ. ಆದರೆ ಟಿಕೇಟು ಕೊಂಡವನಿಗೆ ಹೇಳಿದ್ದು ಒಂದು, ಆಮೇಲೆ ನಡೆದದ್ದು ಇನ್ನೊಂದು. ಸಿಟ್ಟೆಲ್ಲ ಕಮೆದಾ ಕುಟುಂಬದ ಮೇಲೆ ತಿರುಗಿತು. 2014ರ ಫೆಬ್ರವರಿಯಲ್ಲಿ ಆಯೋಗವು ಅವರ ಜಿಮ್ಮಿನ ಮುಖ್ಯಸ್ಥರ ಪರವಾನಗಿಯನ್ನು ನವೀಕರಿಸಲಿಲ್ಲ. ಸಹೋದರರಿಗೆ ತಾಯ್ನಾಡಿನ ಕಣದಲ್ಲಿಯೇ ಇಳಿಯಲಾಗದ ಸ್ಥಿತಿ ಬಂತು. ಅವರು ಕೋರ್ಟಿಗೆ ಹೋದರು. 2020ರಲ್ಲಿ ಟೋಕಿಯೋ ಜಿಲ್ಲಾ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತು ಆಯೋಗವು ಪರಿಹಾರ ಕೊಡಬೇಕೆಂದಿತು. ಆದರೆ ಮುಷ್ಟಿಮಲ್ಲನ ಬಾಳಿನಲ್ಲಿ ಆರು ವರ್ಷವೆಂದರೆ ಒಂದು ಆಯುಷ್ಯ. ತೀರ್ಪು ಬರುವ ಹೊತ್ತಿಗೆ ಡೈಕಿ ಕಣ ಬಿಟ್ಟಾಗಿತ್ತು.

ಈ ಗೊಂದಲಕ್ಕೆ ಜಪಾನಿನವರೇ ಆದ ನವೋಯಾ ಇನೋವೆ ತಮ್ಮದೇ ಉತ್ತರ ಕೊಟ್ಟಿದ್ದಾರೆ. 2022ರ ಡಿಸೆಂಬರಿನಲ್ಲಿ ಬ್ಯಾಂಟಮ್‌ವೇಟ್, ಮರುವರ್ಷ ಅದೇ ತಿಂಗಳಲ್ಲಿ ಸೂಪರ್ ಬ್ಯಾಂಟಮ್‌ವೇಟ್, ಎರಡೂ ವರ್ಗಗಳಲ್ಲಿ ನಾಲ್ಕೂ ಸಂಸ್ಥೆಗಳ ಪಟ್ಟಗಳನ್ನು ಒಟ್ಟುಗೂಡಿಸಿದರು. ನಾಲ್ಕೂ ಒಬ್ಬನ ಕೈಯಲ್ಲಿದ್ದರೆ ಯಾರು ನಿಜವಾದ ವಿಜೇತನೆಂಬ ಪ್ರಶ್ನೆಯೇ ಇಲ್ಲ. ಆದರೆ ಇನೋವೆಯಂಥವರು ಶತಮಾನಕ್ಕೊಬ್ಬರು. ಉಳಿದವರಿಗೆ ಆಸರೆ ನಿಯಮವೇ.

ಈಗ ತೃಶ್ಶಿಲೇರಿಗೆ ಮರಳೋಣ. ಒಸಾಕಾದ ಪಂದ್ಯಕ್ಕೂ ರಿಯೋದ ಓಟಕ್ಕೂ ಇರುವ ಸಂಬಂಧ ಇಷ್ಟೇ: ಬೆವರು ಸುರಿಸಿದವರು ಒಬ್ಬರು, ಅವರ ಕುರಿತು ಮಾತಾಡಿದವರು ಇನ್ನೊಬ್ಬರು, ಆ ಮಾತಿಗೆ ಮೊದಲೇ ಬರೆದಿಟ್ಟ ಸಾಕ್ಷಿಯಿಲ್ಲ. ದೂರದ ಓಟಗಳಲ್ಲಿ ನೀರು ಒದಗಿಸುವ ಹೊಣೆ ಸಂಘಟಕರದು. ಓಟಗಾರರಿಗೆ ಒಗ್ಗುವ ಸ್ವಂತ ಪಾನೀಯ ಬೇಕಿದ್ದರೆ ಅದನ್ನು ಅವರೋ ಅವರ ಪರವಾಗಿ ಬೇರೆಯವರೋ ಮೊದಲೇ ಸಿದ್ಧಪಡಿಸಿ ಒಪ್ಪಿಸಬೇಕು. ಈ 'ಪರವಾಗಿ' ಎಂಬ ಮಾತಿನಲ್ಲಿಯೇ ಎಲ್ಲ ಎಡವಟ್ಟೂ ಅಡಗಿದೆ. ಬೇಡವೆಂದದ್ದು ನಿಜವೇ ಇರಲಿ, ಸುಳ್ಳೇ ಇರಲಿ, ಓಟಗಾರ್ತಿಯ ಸ್ವಂತ ರುಜುವಿರುವ ಒಂದು ಸಾಲಿನ ಚೀಟಿ ಇದ್ದಿದ್ದರೆ ದೇಶದ ಮುಂದೆ ಇಷ್ಟು ದೊಡ್ಡ ರಾದ್ಧಾಂತ ಆಗುತ್ತಿರಲಿಲ್ಲ. ಒಂದೋ ಆಕೆಯ ಮಾತು ಉಳಿಯುತ್ತಿತ್ತು, ಇಲ್ಲವೇ ಫೆಡರೇಶನಿನ ಮಾತು. ಈಗ ಎರಡೂ ಸಂಶಯದಲ್ಲಿ ನಿಂತಿವೆ.

ನಮ್ಮ ಗಡಿನಾಡಿನ ತಾಯಿತಂದೆಯರೂ ಮಕ್ಕಳನ್ನು ಕ್ರೀಡಾ ವಸತಿನಿಲಯಗಳಿಗೆ, ಆಯ್ಕೆ ಶಿಬಿರಗಳಿಗೆ ಕಳಿಸುತ್ತಾರೆ. ಅಲ್ಲಿ ಕೊಡುವ ಫಾರ್ಮು ಮಲೆಯಾಳದಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ಮಾಸ್ತರರು ತೋರಿಸಿದಲ್ಲಿ ರುಜು ಹಾಕಿ ಬರುವುದು ನಮ್ಮ ರೂಢಿ. ಮಾಸ್ತರರ ಮೇಲಿನ ಗೌರವ ಸರಿಯೇ, ಆದರೆ ಏನು ಬರೆದಿದೆ ಎಂದು ಕೇಳುವುದರಿಂದ ಆ ಗೌರವಕ್ಕೆ ಕುಂದಿಲ್ಲ. ಮಗುವಿನ ತೂಕ, ವಯಸ್ಸು, ಔಷಧ, ಆಹಾರ, ಪ್ರವಾಸ ಇವುಗಳ ಕುರಿತು ಯಾರು ಏನು ಹೇಳಿದರು ಎಂಬುದನ್ನು ಕೇಳಿ ತಿಳಿದುಕೊಳ್ಳಬೇಕು, ಒಂದು ನಕಲನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕು. ಮಗುವಿಗೂ ಅದನ್ನು ಓದಿ ಹೇಳಬೇಕು.

ಗೆಲ್ಲುವುದು ಸೋಲುವುದು ದೈವಚಿತ್ತ, ಇಲ್ಲವೇ ಕಾಲಿನ ಕಸುವು. ಆದರೆ ತನ್ನ ಹೆಸರಿನಲ್ಲಿ ಬೇಕು ಬೇಡ ಎನ್ನುವ ಹಕ್ಕು ಓಡುವವರಿಗೇ ಇರತಕ್ಕದ್ದು. ತೃಶ್ಶಿಲೇರಿಯ ಮಗಳು ರಿಯೋದ ಬಿಸಿಲಿನಲ್ಲಿ ಪಟ್ಟ ಪಾಡಿನಿಂದ ನಾವು ಇಷ್ಟನ್ನಾದರೂ ಕಲಿಯದಿದ್ದರೆ ಆಕೆ ಬಿದ್ದದ್ದು ವ್ಯರ್ಥವಾದಂತೆಯೇ ಸರಿ.