ಗದರಿಕೆ ಸಾಲದು, ಗಾಳ ತೋರಿಸಿ

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ವಡಗಾಂವ್ ಎಂಬ ಹಳ್ಳಿ 2022ರಲ್ಲಿ ತಾನೇ ಒಂದು ಕಟ್ಟಳೆ ಮಾಡಿಕೊಂಡಿತು. ಸಂಜೆ 7ಕ್ಕೆ ಸೈರನ್ ಕೂಗಿದರೆ ಮನೆಮನೆಯ ಟಿವಿ, ಮೊಬೈಲ್ ಬಂದ್. ಮುಂದಿನ ಒಂದೂವರೆ ಗಂಟೆ ಓದಿಗೆ, ಮಾತಿಗೆ ಮೀಸಲು. ಕೊರೊನಾ ಕಾಲದ ಆನ್‌ಲೈನ್ ತರಗತಿಗೆಂದು ಮಕ್ಕಳ ಕೈಸೇರಿದ ಫೋನು ಶಾಲೆ ತೆರೆದ ಮೇಲೂ ಕೈಬಿಟ್ಟಿರಲಿಲ್ಲ.

ಒಳ್ಳೆಯ ಹೆಜ್ಜೆ. ಆದರೆ ಸೈರನ್ ಕೂಗದ ಹೊತ್ತಿನಲ್ಲಿ ಮಗುವನ್ನು ಕಾಯುವವರು ಯಾರು?

ಬೆಂಗಳೂರಿನ ನಿಮ್ಹಾನ್ಸ್ ಇಂಥ ಮೊಬೈಲ್ ಗೀಳಿನ ಚಿಕಿತ್ಸೆಗೆಂದೇ 2014ರಲ್ಲಿ ‘ಶಟ್’ ಕ್ಲಿನಿಕ್ ಆರಂಭಿಸಿತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಗೇಮಿಂಗ್ ವ್ಯಸನವನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿತು. ನಮ್ಮ ತರಗತಿಗಳಲ್ಲಿ ಮಾತ್ರ ಇಂದಿಗೂ ಹೆಚ್ಚಾಗಿ ಕೇಳುವುದು ‘ಮೊಬೈಲ್ ಮುಟ್ಟಬೇಡ’ ಎಂಬ ಗದರಿಕೆ.

ಮಕ್ಕಳಿಗೆ ಬೇಕಿರುವುದು ಕಾರಣ. ಪುಸ್ತಕದ ಪುಟಕ್ಕೆ ಕೊನೆಯಿದೆ, ರೀಲ್ಸ್‌ಗೆ ಇಲ್ಲ; ಕೊನೆಯಿಲ್ಲದಂತೆ ಸರಿಯುವ ಈ ಪರದೆಯನ್ನು 2006ರಲ್ಲಿ ರೂಪಿಸಿದ ಅಜಾ ರಾಸ್ಕಿನ್ ಮುಂದೆ ತಾವೇ ಅದಕ್ಕಾಗಿ ಪರಿತಪಿಸಿದರು. ಮುಂದಿನ ವಿಡಿಯೊ ಸಪ್ಪೆಯೋ ಸೊಗಸೋ ಗೊತ್ತಾಗದ ಆ ಕುತೂಹಲವೇ ಬೆರಳನ್ನು ಎಳೆಯುತ್ತದೆ. ಜೂಜಿನ ಯಂತ್ರದ ಮುಂದೆ ಕೂತವನನ್ನು ಏಳಗೊಡದಿರುವುದೂ ಇದೇ. ತಾನಾಗಿ ಶುರುವಾಗುವ ಮುಂದಿನ ಕಂತು, ಒಂದು ದಿನ ತಪ್ಪಿದರೂ ಕಳೆದುಹೋಗುವ ಆಟದ ಅಂಕ, ಎಲ್ಲವೂ ಗಾಳವೇ. ಜೀರ್ಣಾಂಗದ ಪಾಠ ಅರ್ಥವಾಗುವ ಏಳನೇ ತರಗತಿಯ ಮಗುವಿಗೆ ಇದೂ ಅರ್ಥವಾಗುತ್ತದೆ.

ವಾರಕ್ಕೊಂದು ಅವಧಿ ಇದಕ್ಕೆ ಕೊಡಿ. ಆ ಹೊತ್ತು ಶಿಕ್ಷಕರ ಫೋನೂ ಬೀರುವಿನಲ್ಲಿರಲಿ. ಗೀಳು ಕೈಮೀರಿದೆ ಎನಿಸಿದ ಪೋಷಕರಿಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ: 14416. ಕರೆ ಉಚಿತ, ಕನ್ನಡದಲ್ಲೂ ಮಾತಾಡಬಹುದು.